ಶೇಂಗಾ ಎಣ್ಣೆ ಮತ್ತು ಕಸ್ತೂರಮ್ಮನ ಗಂಟು

ನಮ್ಮ ಊರುಗಳಲ್ಲಿ ಒಬ್ಬರಿಗೆ ಕೆಮ್ಮು ಬಂದರೆ ಬೀದಿಯಲ್ಲಿ ಹತ್ತು ಮಂದಿ ವೈದ್ಯರು ಹುಟ್ಟುತ್ತಾರೆ. ಒಬ್ಬರು ಮೆಣಸು ಎನ್ನುತ್ತಾರೆ, ಒಬ್ಬರು ತುಳಸಿ ಎನ್ನುತ್ತಾರೆ. ಇನ್ನೊಬ್ಬರು ‘ನಮ್ಮ ಸೋದರಮಾವನಿಗೂ ಹಿಂಗೇ ಆಗಿತ್ತು’ ಎಂದು ಶುರುಮಾಡಿ, ಸೋದರಮಾವ ತೀರಿಕೊಳ್ಳುವವರೆಗೂ ಕಥೆ ನಿಲ್ಲಿಸುವುದಿಲ್ಲ. ಕೆಮ್ಮಾದರೆ ಚಿಂತೆಯಿಲ್ಲ, ಹೇಗೋ ಹೋಗುತ್ತದೆ. ಆದರೆ ಎಲ್ಲ ಕಾಯಿಲೆಗಳೂ ಅಷ್ಟು ತಾಳ್ಮೆಯವಲ್ಲ.

ಇದು ಎಂಬತ್ತೆಂಟನೇ ಇಸವಿಯ ಮಾತು. ಜಗಳೂರಿನ ಪೇಟೆ ಬೀದಿಯ ಹಿಂದೆ ಪಂಚಾಕ್ಷರಪ್ಪನ ಎಣ್ಣೆ ಗಾಣವಿತ್ತು. ಆ ಹೊತ್ತಿಗೆ ಕರೆಂಟಿನ ಮಿಲ್ಲುಗಳು ಬಂದು ಸುತ್ತಲಿನ ಎತ್ತಿನ ಗಾಣಗಳು ಒಂದೊಂದಾಗಿ ನಿಂತುಹೋಗಿದ್ದವು. ಪಂಚಾಕ್ಷರಪ್ಪನದು ಮಾತ್ರ ಕಿರ್‍ರೋ ಎಂದು ತಿರುಗುತ್ತಿತ್ತು. ಎತ್ತು ಹಳೆಯದು, ಗಾಣದ ಒರಳು ಅದಕ್ಕಿಂತ ಹಳೆಯದು. ಪಂಚಾಕ್ಷರಪ್ಪನ ಹೆಮ್ಮೆ ಮಾತ್ರ ದಿನಾ ಹೊಸದು. ಅವನ ಮೂಗಿಗೆ ಬೀದಿಯೆಲ್ಲ ಸೋಲುತ್ತಿತ್ತು. ಕಣ್ಣಿಗೆ ಬಟ್ಟೆ ಕಟ್ಟಿ ಮುಂದೆ ಬಟ್ಟಲುಗಳನ್ನಿಟ್ಟರೆ, ಇದು ಕುಸುಬೆ, ಇದು ಎಳ್ಳು, ಇದು ಹೊಸ ಶೇಂಗಾ, ಇದು ಹೋದ ವರ್ಷದ್ದು, ನಾಯಿಗೂ ಬೇಡ ಎಂದು ಸರಿಯಾಗಿ ಹೇಳುತ್ತಿದ್ದ. ಅಳತೆಯಲ್ಲಿ ಮೋಸವಿಲ್ಲ, ಮಾತಿನಲ್ಲಿ ಸುಳ್ಳಿಲ್ಲ ಎಂದು ಊರಲ್ಲಿ ಹೆಸರಿತ್ತು. ಆದರೂ ಗಿರಾಕಿಗಳು ಅಗ್ಗದ ಎಣ್ಣೆ ಹುಡುಕಿಕೊಂಡು ಮಿಲ್ಲಿನ ಕಡೆ ನಡೆಯುತ್ತಿದ್ದರು.

ಅಂಥ ಹೊತ್ತಿನಲ್ಲಿ, ದೀಪಾವಳಿ ಕಳೆದ ಹೊಸದರಲ್ಲಿ, ದಾವಣಗೆರೆ ಬಸ್ಸಿನಲ್ಲಿ ಬಂದ ಪೇಪರಿನಲ್ಲಿ ಒಂದು ಸಣ್ಣ ಸುದ್ದಿ ಅವನ ಕಣ್ಣಿಗೆ ಬಿತ್ತು. ಹೊರದೇಶದ ವಿಜ್ಞಾನಿಗಳು ಸ್ತನ ಕ್ಯಾನ್ಸರಿನ ಜೀವಕಣಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ್ದರಂತೆ. ವಿಟಮಿನ್ ‘ಇ’ಯಿಂದ ತಯಾರಿಸಿದ ಒಂದು ಪದಾರ್ಥವನ್ನು ಅವುಗಳ ಮೇಲೆ ಹಾಕಿದಾಗ ಕೆಲವು ಕಣಗಳು ಬೆಳೆಯುವುದನ್ನು ನಿಲ್ಲಿಸಿದವಂತೆ, ಕೆಲವು ಸತ್ತೇಹೋದವಂತೆ. ಕೊನೆಯಲ್ಲಿ, ವಿಟಮಿನ್ ‘ಇ’ ಎಣ್ಣೆಕಾಳುಗಳಲ್ಲಿಯೂ ಇರುತ್ತದೆ ಎಂದು ಬರೆದು ಅವುಗಳಲ್ಲಿ ಶೇಂಗಾದ ಹೆಸರನ್ನೂ ಹೇಳಿದ್ದರು.

ಪಂಚಾಕ್ಷರಪ್ಪನಿಗೆ ಸ್ವಂತ ಮಗ ಪಾಸಾದಷ್ಟು ಸಂತೋಷವಾಯಿತು. ಅಂಗಡಿ ಕಟ್ಟೆಯ ಮೇಲೆ ಕುಳಿತು ಬಂದವರಿಗೆಲ್ಲ ಓದಿ ಹೇಳಿದ. ‘ಸ್ತನ’ ಎಂಬ ಪದ ಬಂದಾಗ ಮಾತ್ರ ದನಿ ತಗ್ಗಿಸಿ ‘ಹೆಂಗಸರ ಕ್ಯಾನ್ಸರು’ ಎಂದು ಓದುತ್ತಿದ್ದ. ಕೇಳುತ್ತಿದ್ದ ಹೆಂಗಸರು ಸೆರಗು ಸರಿಪಡಿಸಿಕೊಂಡು ಬೇರೆ ಕಡೆ ನೋಡುತ್ತಿದ್ದರು. ಅವರಲ್ಲಿ ಹುಲಿಗೆಮ್ಮ ಎಂಬ ಮುದುಕಿಯೊಬ್ಬಳಿಗೆ ಮಾತ್ರ ಸಂಕೋಚವೆಂಬುದು ಗೊತ್ತಿರಲಿಲ್ಲ.

“ಅಲ್ಲೋ ಪಂಚಾಕ್ಷರಿ, ಗಾಜಿನ ತಟ್ಟೇಲಿ ಸತ್ತಿದ್ದು ನಮ್ ಮೈಯಾಗೂ ಸಾಯ್ತತೇನೋ?” ಎಂದು ಅವಳು ಕೇಳಿದಳು.

“ಗಾಜಿನ ತಟ್ಟೇಲಿ ಸತ್ತಿದ್ದು ಹಿತ್ತಾಳೆ ತಟ್ಟೇಲಿ ಸಾಯಾಕಿಲ್ವಾ ಯವ್ವಾ?” ಎಂದ ಪಂಚಾಕ್ಷರಪ್ಪ.

ಎಲ್ಲರೂ ನಕ್ಕರು. ನಕ್ಕು ಎಣ್ಣೆಯನ್ನೂ ಕೊಂಡರು. ಅಂದಿನಿಂದ ಬಾಟಲಿ ಹಿಡಿದವರು, ಚೊಂಬು ಹಿಡಿದವರು ಮತ್ತೆ ಗಾಣದ ಕಡೆ ಬರತೊಡಗಿದರು. ಹುಲಿಗೆಮ್ಮ ಒಂದು ಡಬ್ಬಿ ತುಂಬಿಸಿಕೊಂಡು, ಚನ್ನಗಿರಿ ಕಡೆಯ ಉಬ್ರಾಣಿಯಲ್ಲಿದ್ದ ತನ್ನ ತಂಗಿ ಅಜ್ಜಮ್ಮನಿಗೆ ಕಳಿಸಿದಳು. ತಂಗಿಗೆ ಎದೆಯಲ್ಲಿ ಏನೋ ಗಡ್ಡೆಯಾಗಿದೆ, ದಿನಾ ಕುಡಿಯಲಿ ಎಂದಳು. ಪಂಚಾಕ್ಷರಪ್ಪ ಆ ಡಬ್ಬಿಯನ್ನು ತಾನೇ ಕೈಯಾರೆ ತುಂಬಿ, ಬಾಯಿ ಬಿಗಿದು ಕೊಟ್ಟ. ಪುಣ್ಯದ ಕೆಲಸ ಮಾಡಿದೆನೆಂದು ಆ ದಿನ ಒಂದು ರೊಟ್ಟಿ ಹೆಚ್ಚೇ ಉಂಡ.

ಗಾಣ ಹೂಡಿದ ದಿನ ಒರಳಿನಿಂದ ಮೊದಲು ಸೋರಿದ ಎಣ್ಣೆ ದೇವರ ದೀಪಕ್ಕೆ ಸಲ್ಲಬೇಕು. ಇದು ಆ ಮನೆಯಲ್ಲಿ ಅಜ್ಜನ ಕಾಲದಿಂದ ನಡೆದುಬಂದ ರೂಢಿ. ಅದನ್ನು ಬಟ್ಟಲಲ್ಲಿ ಹಿಡಿದು ಒಳಗೆ ಒಯ್ಯುವುದು ಮನೆಯೊಡತಿಯ ಕೆಲಸ. ಪಂಚಾಕ್ಷರಪ್ಪನ ಹೆಂಡತಿ ಕಸ್ತೂರಮ್ಮ ಮದುವೆಯಾಗಿ ಬಂದಾಗಿನಿಂದ ಅದನ್ನು ತಪ್ಪದೆ ಮಾಡುತ್ತಿದ್ದಳು.

ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಮಗಳ ಊರಿಗೆ ಹೋಗಿ ನಾಲ್ಕಾರು ದಿನ ಇದ್ದು ಬಂದ ಪಂಚಾಕ್ಷರಪ್ಪ ಬೆಳಿಗ್ಗೆ ಸ್ನಾನ ಮಾಡಿ ಪೂಜೆಗೆ ಕುಳಿತ. ಕಣ್ಣು ಮುಚ್ಚಿದ. ಮೂಗು ಮುಚ್ಚಲಿಲ್ಲ. ದೀಪ ಉರಿಯುತ್ತಿತ್ತು, ಆದರೆ ಅದರ ವಾಸನೆ ಬೇರೆಯಾಗಿತ್ತು. ಕಣ್ಣು ಬಿಟ್ಟು, ದೀಪದ ಹತ್ತಿರ ಬಗ್ಗಿ ಮತ್ತೊಮ್ಮೆ ಮೂಸಿದ.

“ಏನೇ ಇದು, ದೇವ್ರಿಗೆ ಹೊಂಗೆ ಎಣ್ಣೆ ಸುಡ್ತಿದೀಯ? ನಮ್ ಶೇಂಗಾ ಎಣ್ಣೆ ಎಲ್ಲಿಗೆ ಹೋತು?”

ಕಸ್ತೂರಮ್ಮ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. ಕಳ್ಳತನದಲ್ಲಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ನಕ್ಕಳು.

“ನಾನು ಕುಡ್ದೆ.”

ಅವನೂ ನಕ್ಕ. ತಮಾಷೆ ಎಂದುಕೊಂಡ.

“ಖರೇನೇ ರೀ. ನೀವು ಪೇಪರ್ ಓದಿದ ಮಾರನೇ ದಿನದಿಂದ ಅಡುಗೆ ಎಣ್ಣೆ ಕುಡೀತಿದೀನಿ, ನೀವು ಊರಿಗೆ ಹೋದ್ಮೇಲೆ ದೀಪದ್ದೂ ಕುಡ್ದೆ. ದೇವ್ರನ್ನ ಕೇಳ್ಕಂಡೇ ಕುಡ್ದಿದ್ದು. ವಾಸಿ ಆದ್ಮೇಲೆ ತುಪ್ಪದ ದೀಪ ಹಚ್ತೀನಿ, ಅಲ್ಲೀತನಕ ಹೊಂಗೇಲಿ ಸುಧಾರಿಸ್ಕೊ ಅಂದಿದೀನಿ.”

ಏನು ವಾಸಿಯಾಗಬೇಕು ಎಂದು ಅವನು ಕೇಳಿದ. ಆಗ ಅವಳು ಹೇಳಿದಳು. ದೀಪಾವಳಿಯ ಎಣ್ಣೆ ಸ್ನಾನದ ದಿನ ಮೈಗೆ ಎಣ್ಣೆ ತಿಕ್ಕಿಕೊಳ್ಳುವಾಗ ಎಡಗಡೆಯ ಎದೆಯಲ್ಲಿ ಬೆರಳಿಗೆ ಏನೋ ಸಿಕ್ಕಿತ್ತು. ಹರಳು ಬೀಜದಷ್ಟು ಗಂಟು. ಗಟ್ಟಿಯಾಗಿತ್ತು. ನೋವಿಲ್ಲ, ಜ್ವರವಿಲ್ಲ. ನೋವಿಲ್ಲದ್ದು ಏನು ಮಾಡೀತು ಎಂದು ಸುಮ್ಮನಿದ್ದಳು. ಆದರೂ ಮನಸ್ಸಿನಲ್ಲಿ ಅಳುಕಿತ್ತು. ಅಷ್ಟರಲ್ಲಿ ಕಟ್ಟೆಯ ಮೇಲೆ ಗಂಡ ಪೇಪರ್ ಓದಿದ್ದು ಒಳಗೆ ಕೇಳಿಸಿತು. ಔಷಧಿ ಮನೆಯಲ್ಲೇ ಸೋರುತ್ತಿರುವಾಗ ಆಸ್ಪತ್ರೆಗೆ ಯಾಕೆ ಹೋಗಬೇಕು? ಕುಡಿದಳು, ಮೇಲೆ ಹಚ್ಚಿದಳು, ಹೊರಗೆ ಯಾರಿಗೂ ಹೇಳಲಿಲ್ಲ.

ಪಂಚಾಕ್ಷರಪ್ಪ ಗಂಟು ಸಣ್ಣದಾಗಿದೆಯೇ ಎಂದು ಕೇಳಿದ. ಒಂದೊಂದು ದಿನ ಸಣ್ಣದಾಗಿದೆ ಅನ್ನಿಸುತ್ತದೆ, ಒಂದೊಂದು ದಿನ ಇಲ್ಲ ಎಂದಳು. ಬೇಡುವ ಮನಸ್ಸಿದ್ದರೆ ಬೆರಳೂ ಸುಳ್ಳು ಹೇಳುತ್ತದೆ.

ಆಸ್ಪತ್ರೆಗೆ ಹೋಗೋಣ ಎಂದು ಅವನು ಅರ್ಧ ಬಾಯಿಯಲ್ಲಿ ಅಂದ. ಅವಳು ಒಪ್ಪಲಿಲ್ಲ.

“ಗಂಡಸು ಡಾಕ್ಟರ ಮುಂದೆ ರವಿಕೆ ಬಿಚ್ಚಿ ಕೂತ್ಕಳಾಕೆ ನನ್ನಿಂದ ಆಗಾಕಿಲ್ಲ. ಅಷ್ಟಕ್ಕೂ ನೀವೇ ಓದಿ ಹೇಳಿದ್ರಲ್ಲ. ನಾನು ಈ ಮನೆಗೆ ಬಂದಾಗಿಂದ ನಿಮ್ ಮಾತು ಒಂದು ದಿನ ಸುಳ್ಳಾಗಿಲ್ಲ. ಇದೂ ಆಗಾಕಿಲ್ಲ ಬಿಡ್ರಿ.”

ಅವಳು ಅದನ್ನು ಪ್ರೀತಿಯಿಂದಲೇ ಹೇಳಿದಳು. ಪಂಚಾಕ್ಷರಪ್ಪನಿಗೆ ಮಾತ್ರ ಎದೆಯ ಮೇಲೆ ಒರಳುಕಲ್ಲು ಇಟ್ಟಂತಾಯಿತು. ಹೊರಗೆ ಬಂದು ಎತ್ತು ಹೂಡಿದ, ಒರಳಿಗೆ ಶೇಂಗಾ ಬೀಜ ಸುರಿದ. ಗಾಣ ತಿರುಗತೊಡಗಿತು. ಅವನ ತಲೆಯೂ ಅದರ ಜೊತೆಗೇ ತಿರುಗಿತು. ತನ್ನ ಎಣ್ಣೆ ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಪೇಪರಿನವರೂ ಸುಳ್ಳು ಬರೆಯಲಾರರು. ಆದರೆ ಹೆಂಡತಿಯ ಗಂಟು ಇದ್ದಲ್ಲೇ ಇದೆ. ಈ ಮೂರೂ ಮಾತುಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಹೊತ್ತೇರುವಷ್ಟರಲ್ಲಿ ನಿರ್ಮಲಮ್ಮ ಎಣ್ಣೆಗೆಂದು ಬಂದರು. ಅವರು ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ತವರು ಗೋವಿನಕೋವಿ. ಜಗಳೂರಿಗೆ ಬಂದು ಬಹಳ ವರ್ಷವಾಗಿತ್ತು. ಕಸ್ತೂರಮ್ಮನ ಜೊತೆ ಅವರಿಗೆ ಅಕ್ಕತಂಗಿಯರ ಸಲುಗೆಯಿತ್ತು. ಪ್ರತಿ ಸಲವೂ ಎಣ್ಣೆಯ ಬೆಲೆಗೆ ಚೌಕಾಸಿ ಮಾಡುತ್ತಿದ್ದರು, ಪ್ರತಿ ಸಲವೂ ಸೋಲುತ್ತಿದ್ದರು. ಅಂದು ಪಂಚಾಕ್ಷರಪ್ಪ ಚೌಕಾಸಿ ಮಾಡಲಿಲ್ಲ. ಅವರು ಕೇಳಿದ ಬೆಲೆಗೇ ಅಳೆದುಕೊಟ್ಟ. ನಿರ್ಮಲಮ್ಮನಿಗೆ ಅಲ್ಲೇ ಅನುಮಾನ ಬಂತು.

ನಮ್ಮ ಗಿರಾಕಿಯೊಬ್ಬರಿದ್ದಾರೆ, ಅವರ ಎದೆಯಲ್ಲಿ ಗಂಟಿದೆ, ದಿನಾ ಎಣ್ಣೆ ಕುಡಿಯುತ್ತಿದ್ದಾರೆ, ಕರಗುತ್ತದೆಯೇ ಎಂದು ಅವನು ಎತ್ತಿನ ಬೆನ್ನು ನೋಡುತ್ತಾ ಕೇಳಿದ.

“ಆ ಗಿರಾಕಿ ಒಳಗೆ ರೊಟ್ಟಿ ಬಡೀತಿದ್ದಾರಾ ಅಣ್ಣಾರೆ?” ಎಂದರು ನಿರ್ಮಲಮ್ಮ.

ಒಳಗೆ ರೊಟ್ಟಿ ತಟ್ಟುವ ಸದ್ದು ಕೇಳುತ್ತಲೇ ಇತ್ತು. ಅವನು ಎಲ್ಲವನ್ನೂ ಹೇಳಿದ. ಹೇಳಿ, ತನ್ನ ಮಾತನ್ನು ಬಿಟ್ಟುಕೊಡಲಾಗದೆ ಮತ್ತೆ ಪೇಪರಿಗೇ ಬಂದ. ವಿಜ್ಞಾನಿಗಳು ಸುಳ್ಳು ಹೇಳುತ್ತಾರೆಯೇ ಎಂದು ಕೇಳಿದ.

“ಸುಳ್ಳಲ್ಲ. ತಟ್ಟೇಲಿ ಸತ್ತಿದ್ದು ಖರೇನೇ. ಒಂದು ಮಾತು ಕೇಳ್ತೀನಿ ಹೇಳ್ರಿ. ಶೇಂಗಾ ಹೊಲಕ್ಕೆ ಕಂಬಳಿಹುಳ ಬಿದ್ದಾಗ ನೀವೇನ್ ಮಾಡ್ತೀರಿ?”

ಜಗಳೂರು ಸೀಮೆಯಲ್ಲಿ ಇದನ್ನು ಕೇಳಬೇಕಾಗಿಯೇ ಇಲ್ಲ. ಮಳೆ ಬಿದ್ದ ಮೇಲೆ ಕೆಂಪು ಕಂಬಳಿಹುಳ ಶೇಂಗಾ ಎಲೆಗೆ ಮುತ್ತಿದರೆ, ಮನೆಮಂದಿಯೆಲ್ಲ ಹೊಲಕ್ಕಿಳಿದು ಹುಳ ಆರಿಸುತ್ತಾರೆ. ಬಕೆಟ್ಟಿನ ನೀರಿಗೆ ಸೀಮೆಎಣ್ಣೆ ಬೆರೆಸಿ ಅದರೊಳಗೆ ಹಾಕುತ್ತಾರೆ. ಬಿದ್ದ ಹುಳ ಮೇಲೇಳುವುದಿಲ್ಲ. ಪಂಚಾಕ್ಷರಪ್ಪ ಅದನ್ನೇ ಹೇಳಿದ.

“ಬಕೆಟ್ಟಿನಾಗೆ ಸಾಯ್ತಾವೆ ಅಂತ ನೀವು ಹೊಲಕ್ಕೆಲ್ಲ ಸೀಮೆಎಣ್ಣೆ ಸುರೀತೀರಾ?”

“ಸುರಿದ್ರೆ ಶೇಂಗಾ ಉಳೀತತಾ?”

“ಹಂಗಾರೆ ತಟ್ಟೆ ಬೇರೆ, ಮೈ ಬೇರೆ. ತಟ್ಟೇಲಿ ಬರೀ ಕಣ ಇರ್ತವೆ, ಮದ್ದು ನೇರ ಮೇಲೆ ಬೀಳ್ತತೆ. ಮೈಯಾಗೆ ಹೊಟ್ಟೆ ಐತೆ, ರಕ್ತ ಐತೆ, ಪಿತ್ತಕೋಶ ಐತೆ. ಕುಡ್ದಿದ್ದು ಅಲ್ಲಿಗೆ ಎಷ್ಟು ಮುಟ್ತತೆ, ಮುಟ್ಟಿದ್ರೂ ಕೆಲಸ ಮಾಡ್ತತಾ, ಬೇರೆ ಏನಾದ್ರೂ ಕೆಡಿಸ್ತತಾ, ಅವ್ರು ಇನ್ನೂ ನೋಡ್ಬೇಕು. ನೋಡಾಕೆ ವರ್ಷಗಟ್ಲೆ ಬೇಕು. ಅವ್ರು ಹಾಕಿದ್ದು ಶೇಂಗಾ ಎಣ್ಣೆನೂ ಅಲ್ಲ, ವಿಟಮಿನ್ನಿಂದ ಬೇರೆಯಾಗೇ ತಯಾರು ಮಾಡಿದ್ದು. ಅವ್ರು ಮೊದಲ್ನೇ ಮೆಟ್ಲು ಹತ್ತಿದ್ದಾರೆ. ನೀವು ಅಟ್ಟಕ್ಕೇ ಹೋಗಿ ಕೂತ್ಬಿಟ್ರಿ.”

ಪಂಚಾಕ್ಷರಪ್ಪನಿಗೆ ತಾನು ಕಟ್ಟೆಯ ಮೇಲೆ ಹೇಳಿದ ಹಿತ್ತಾಳೆ ತಟ್ಟೆಯ ಮಾತು ನೆನಪಾಗಿ ಕಿವಿ ಬಿಸಿಯಾಯಿತು. ಆದರೂ ಇನ್ನೊಂದು ಹೆದರಿಕೆ ಒಳಗಿತ್ತು. ಪಕ್ಕದ ಓಣಿಯ ಬೆನಕಪ್ಪನ ತಾಯಿಗೆ ಇದೇ ಕಾಯಿಲೆಯಾಗಿ ಆಪರೇಷನ್ ಮಾಡಿಸಿದ್ದರು, ವರ್ಷ ತುಂಬುವ ಮೊದಲೇ ಹೋಗಿಬಿಟ್ಟಳು. ಕತ್ತರಿ ಮುಟ್ಟಿದರೆ ಹರಡುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ ಎಂದ.

“ಆಕಿನ ನಾನೇ ನೋಡಿದೀನಿ. ಗಂಟು ಒಡೆದು ಹುಣ್ಣಾಗಿ, ಕಂಕುಳೆಲ್ಲ ಬಾತ್ಮೇಲೆ ಕರ್ಕಂಡ್ ಬಂದ್ರು. ಕತ್ತರಿ ಮುಟ್ಟಿದ್ದಕ್ಕೆ ಹರಡಿದ್ದಲ್ಲ ಅಣ್ಣಾರೆ, ಹರಡಿದ್ಮೇಲೆ ಕತ್ತರಿ ಮುಟ್ಟಿದ್ದು. ನಿಮ್ಮನೇದು ಇನ್ನೂ ಹರಳು ಬೀಜದಷ್ಟು ಐತೆ ಅಂತೀರಿ. ಅದು ಕ್ಯಾನ್ಸರ್ ಅಲ್ದೇನೂ ಇರ್ಬೋದು. ಹೆಚ್ಚಿನ ಗಂಟು ಕ್ಯಾನ್ಸರ್ ಆಗಿರಾಕಿಲ್ಲ. ಹೌದೋ ಅಲ್ವೋ ಅಂತ ಹೇಳಾಕೆ ನಿಮ್ ಕೈಯಾಗೂ ಆಗಾಕಿಲ್ಲ, ನನ್ ಕೈಯಾಗೂ ಆಗಾಕಿಲ್ಲ. ಪರೀಕ್ಷೆ ಮಾಡೇ ಹೇಳ್ಬೇಕು.”

ದಾವಣಗೆರೆ ಬಸ್ಸು ಇನ್ನೇನು ಬರುವುದರಲ್ಲಿತ್ತು. ಗಾಣದಲ್ಲಿ ಬೀಜ ನುಗ್ಗಾಗಿ, ಎಣ್ಣೆ ಬಿಡುವ ಹೊತ್ತಿಗೆ ಬಂದಿತ್ತು. ಹೂಡಿದ ಗಾಣವನ್ನು ಎಣ್ಣೆ ತೆಗೆಯದೆ ನಿಲ್ಲಿಸಿದ್ದು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಪಂಚಾಕ್ಷರಪ್ಪನ ತಂದೆ ತೀರಿಕೊಂಡ ದಿನವೂ ಒರಳಿನಲ್ಲಿದ್ದದ್ದನ್ನು ಆಡಿಸಿ ಮುಗಿಸಿಯೇ ಎತ್ತು ಬಿಟ್ಟಿದ್ದರು. ಪಂಚಾಕ್ಷರಪ್ಪ ಒರಳನ್ನೊಮ್ಮೆ ನೋಡಿದ. ಎದ್ದು ಹೋಗಿ ಎತ್ತಿನ ಕೊರಳಿನ ಹಗ್ಗ ಬಿಚ್ಚಿದ.

ಗಾಣದ ಸದ್ದು ನಿಂತಿತು. ಒಳಗೆ ರೊಟ್ಟಿಯ ಸದ್ದೂ ನಿಂತಿತು. ಕಸ್ತೂರಮ್ಮ ಹಿಟ್ಟಿನ ಕೈಯಲ್ಲೇ ಗಾಬರಿಯಿಂದ ಹೊರಗೆ ಬಂದಳು. ಕಟ್ಟೆಯ ಮೇಲೆ ಕಾಯುತ್ತಿದ್ದ ಹುಲಿಗೆಮ್ಮ, ಎಣ್ಣೆ ಬರುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡರು ಎಂಬ ಗಾದೆ ಇವತ್ತು ಕಣ್ಣಾರೆ ಕಂಡಂತಾಯಿತು ಎಂದು ಗೊಣಗಿದಳು.

“ಈಗ್ಲೇ ಕಣ್ಣು ಬಿಟ್ಟಿರೋದು ಯವ್ವಾ,” ಎಂದ ಪಂಚಾಕ್ಷರಪ್ಪ. ಹೆಂಡತಿಯ ಕಡೆ ತಿರುಗಿದ. ಕಟ್ಟೆಯ ಮೇಲೆ ಗಿರಾಕಿಗಳಿದ್ದರು. ಎಲ್ಲರಿಗೂ ಕೇಳಿಸುವ ಹಾಗೆಯೇ ಹೇಳಿದ.

“ನನ್ ಮಾತು ಸುಳ್ಳಾತು ಕಣೇ. ನನ್ ಎಣ್ಣೆ ಒಗ್ಗರಣೆಗೆ ಒಳ್ಳೇದು, ತಲೆಗೆ ಒಳ್ಳೇದು, ದೀಪಕ್ಕೆ ಒಳ್ಳೇದು. ಔಷಧಿ ಅಲ್ಲ. ನೀ ನನ್ನ ನಂಬಿ ಇಷ್ಟು ದಿನ ಕಾದಿದ್ದು ಸಾಕು. ಕೈ ತೊಳ್ಕ, ಬಸ್ಸು ಬರ್ತತೆ.”

ಕಸ್ತೂರಮ್ಮ ಅವನ ಮುಖವನ್ನೇ ನೋಡಿದಳು. ಆ ಮುಖದಲ್ಲಿ ಅಂಥ ಅಳು ಅವಳು ಎಂದೂ ಕಂಡಿರಲಿಲ್ಲ. ಅದನ್ನು ಒರೆಸುವುದಕ್ಕೆಂದೇ ಅವಳು ತಮಾಷೆಗೆ ಇಳಿದಳು.

“ಹಂಗಾರೆ ನಾನು ಮೂಗು ಹಿಡ್ಕಂಡು ಅಷ್ಟು ಎಣ್ಣೆ ಕುಡ್ದಿದ್ದು ದಂಡನಾ?”

“ಪೂರ್ತಿ ದಂಡ ಅಲ್ಲಕ್ಕಾ,” ಎಂದರು ನಿರ್ಮಲಮ್ಮ. “ಕೆನ್ನೆ ಬಂದ್ ಬಿಟ್ಟಾವೆ ನೋಡು.”

ಕಟ್ಟೆಯ ಹೆಂಗಸರು ನಕ್ಕರು. ಕಸ್ತೂರಮ್ಮನೂ ನಕ್ಕಳು. ನಗುತ್ತಲೇ ನಿರ್ಮಲಮ್ಮನ ಹತ್ತಿರ ಸರಿದು, ಗಂಡಸು ಡಾಕ್ಟರ ವಿಷಯವನ್ನು ಮೆಲ್ಲಗೆ ಕೇಳಿದಳು. ನಿರ್ಮಲಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ನೋಡುವುದು ಪರದೆಯ ಹಿಂದೆ. ಹತ್ತಿರ ನರ್ಸ್ ಇರುತ್ತಾರೆ. ಬೇಕೆಂದರೆ ನಮ್ಮ ಕಡೆಯ ಹೆಂಗಸೊಬ್ಬರು ಪಕ್ಕದಲ್ಲಿ ನಿಲ್ಲಬಹುದು. ಡಾಕ್ಟರು ಗಂಟನ್ನು ನೋಡುತ್ತಾರೆಯೇ ಹೊರತು ಬೇರೇನನ್ನೂ ಅಲ್ಲ. ತಾನೇ ಜೊತೆಗೆ ಬಂದು ಕೈ ಹಿಡಿದುಕೊಂಡು ನಿಲ್ಲುತ್ತೇನೆ ಎಂದರು. ಆಸ್ಪತ್ರೆಗೆ ಹೇಳಿಕಳಿಸಿ ಅಂದಿಗೆ ರಜೆ ಪಡೆದು, ಎಣ್ಣೆಯ ಬಾಟಲಿಯನ್ನು ಹುಲಿಗೆಮ್ಮನ ಕೈಗೆ ಕೊಟ್ಟು, ಅದೇ ಸೀರೆಯಲ್ಲಿ ಬಸ್ಸು ಹತ್ತಿದರು.

ದಾವಣಗೆರೆಯ ದೊಡ್ಡ ಆಸ್ಪತ್ರೆಯ ಡಾಕ್ಟರು ಗಂಡಸೇ, ಆದರೆ ಅವರಿಗೆ ಕಸ್ತೂರಮ್ಮನ ಮಗಳ ವಯಸ್ಸಿಗಿಂತ ತುಸು ಹೆಚ್ಚಿರಬಹುದು, ಅಷ್ಟೆ. ಅವರು ಅಮ್ಮಾ ಎಂದೇ ಮಾತನಾಡಿಸಿದರು. ಎರಡೂ ಕಡೆ, ಕಂಕುಳಲ್ಲೂ ಕೈಯಿಟ್ಟು ನೋಡಿದರು. ಸಣ್ಣ ಸೂಜಿ ಚುಚ್ಚಿ ಗಂಟಿನೊಳಗಿನ ಒಂದು ಚೂರು ರಸ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿದರು. ಇರುವೆ ಕಚ್ಚಿದಷ್ಟೂ ನೋಯಲಿಲ್ಲ ಎಂದು ಕಸ್ತೂರಮ್ಮ ಪರದೆಯ ಒಳಗಿನಿಂದಲೇ ಗಂಡನಿಗೆ ಕೂಗಿ ಹೇಳಿದಳು. ಹೊರಗಿದ್ದವರೆಲ್ಲ ತಿರುಗಿ ನೋಡಿದರು.

ಆ ಗಾಜಿನ ಪಟ್ಟಿ ಯಾಕೆ ಎಂದು ಪಂಚಾಕ್ಷರಪ್ಪ ಕೇಳಿದ. ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಕಣಗಳು ಒಳ್ಳೆಯವೋ ಕೆಟ್ಟವೋ ಗೊತ್ತಾಗುತ್ತದೆ ಎಂದರು ಡಾಕ್ಟರು. ಕಾಯಿಲೆ ಯಾವುದೆಂದು ತಿಳಿಯಲು ಗಾಜು ಬೇಕು, ಮುಂದಿನ ಔಷಧಿ ಹುಡುಕಲೂ ಗಾಜು ಬೇಕು. ಆದರೆ ಗಾಜಿನ ಮೇಲೆ ಗೆದ್ದ ಔಷಧಿ ಮನುಷ್ಯರಲ್ಲೂ ಗೆದ್ದು ತೋರಿಸಿದ ಮೇಲೆಯೇ ತಾವು ಬರೆದುಕೊಡುವುದು ಎಂದರು. ಪಂಚಾಕ್ಷರಪ್ಪ ತಲೆಯಾಡಿಸಿದ. ಈ ಸಲ ಅದು ಅವನಿಗೆ ಸರಿಯಾಗಿಯೇ ಅರ್ಥವಾಗಿತ್ತು.

ಪರೀಕ್ಷೆಯಲ್ಲಿ ಅದು ಕ್ಯಾನ್ಸರ್ ಎಂದೇ ತಿಳಿಯಿತು. ಆ ಮಾತು ಕೇಳಿದಾಗ ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತುಬಿಟ್ಟರು. ಡಾಕ್ಟರು ಬಂದು ಅವರ ಪಕ್ಕದಲ್ಲೇ ಕುಳಿತು ಬಿಡಿಸಿ ಹೇಳಿದರು. ಗಂಟು ಸಣ್ಣದಿದೆ. ಕಂಕುಳಿಗೆ ಹೋದಂತೆ ಕಾಣುವುದಿಲ್ಲ. ಆಪರೇಷನ್ ಮಾಡಿ ಗಂಟಿನ ಜೊತೆ ಆ ಸ್ತನವನ್ನೂ ತೆಗೆಯಬೇಕಾಗುತ್ತದೆ, ಆಮೇಲೆ ಮಾತ್ರೆ, ಆಗಾಗ ಪರೀಕ್ಷೆ. ಬೇಗ ಬಂದಿದ್ದೇ ಅರ್ಧ ಔಷಧಿ. ಇನ್ನೂ ಎಣ್ಣೆ ಕುಡಿಯುತ್ತಾ ಕುಳಿತಿದ್ದರೆ ಇಷ್ಟು ಧೈರ್ಯವಾಗಿ ಹೇಳಲು ಆಗುತ್ತಿರಲಿಲ್ಲ ಎಂದೂ ಹೇಳಿದರು.

ಕಸ್ತೂರಮ್ಮ ಒಂದೇ ಪ್ರಶ್ನೆ ಕೇಳಿದಳು.

“ಒಂದು ಎದೆ ಹೋದ್ರೆ ನಾನು ಉಳೀತೀನಾ?”

“ಉಳಿಸಬೇಕು ಅಂತಲೇ ತೆಗೀತಿರೋದಮ್ಮ,” ಎಂದರು ಡಾಕ್ಟರು.

“ತೆಗೀರಿ ಹಂಗಾರೆ. ಮಕ್ಳು ಹಾಲು ಬಿಟ್ಟು ಎಷ್ಟೋ ವರ್ಷ ಆತು.”

ಆಪರೇಷನ್ ಆಯಿತು. ಕಂಕುಳಿಗೆ ಹರಡಿಲ್ಲವೆಂಬ ವರದಿ ಬಂದ ದಿನ ಪಂಚಾಕ್ಷರಪ್ಪ ಪೇಟೆಗೆ ಓಡಿಹೋಗಿ, ಒಂದು ವಾರ್ಡಿಗೆ ಸಾಲುವಷ್ಟು ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದ. ನರ್ಸು ಬಾಗಿಲಲ್ಲೇ ಹಿಡಿದು ನಿಲ್ಲಿಸಿದರು. ರೋಗಿಗಳಿಗೆ ಬಜ್ಜಿ ಕೊಡಬಾರದೆಂದರು. ಬಂದವರಿಗೆ ಕೊಡಬಹುದೇ ಎಂದು ಅವನು ಕೇಳಿದ. ಕೊನೆಗೆ ರೋಗಿಗಳು ನೋಡಿದರು, ನೆಂಟರು ತಿಂದರು. ಎಣ್ಣೆ ಮಿಲ್ಲಿನದು ಎಂದು ಪಂಚಾಕ್ಷರಪ್ಪ ಮೂಸಿ ಹೇಳಿದಾಗ, ಕಸ್ತೂರಮ್ಮ ಹೊಲಿಗೆ ಹಿಡಿದುಕೊಂಡು ನಕ್ಕಳು. ನಗಿಸಬೇಡಿರೆಂದು ಗಂಡನಿಗೆ ಬೈದಳು.

ಅಂದು ಸಂಜೆ ಅವಳಿಗೆ ಥಟ್ಟನೆ ನೆನಪಾಯಿತು.

“ರೀ, ಉಬ್ರಾಣಿ ಅಜ್ಜಮ್ಮ.”

ಪಂಚಾಕ್ಷರಪ್ಪನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ತಾನು ಬಾಯಿ ಬಿಗಿದು ಕಳಿಸಿದ ಡಬ್ಬಿ ಕಣ್ಣಮುಂದೆ ಬಂತು. ಈಗ ಹೇಗೆ ಹೋಗುವುದು, ನಿನ್ನ ಹತ್ತಿರ ಯಾರಿರುತ್ತಾರೆ ಎಂದ.

“ಮಗಳು ಬಂದಾಳೆ, ನರ್ಸ್ ಇದ್ದಾರೆ. ನೀವು ಇಲ್ಲಿ ಕೂತು ನೊಣ ಹೊಡಿಯೋದಕ್ಕಿಂತ ಅಲ್ಲಿಗೆ ಹೋಗಿ ಒಂದು ಜೀವ ಉಳಿಸ್ರಿ.”

ಮರುದಿನ ಬೆಳಿಗ್ಗೆ ಅವನು ಚನ್ನಗಿರಿ ಬಸ್ಸು ಹತ್ತಿ, ಅಲ್ಲಿಂದ ಉಬ್ರಾಣಿಗೆ ಹೋದ. ಅಜ್ಜಮ್ಮ ಅಕ್ಕ ಹುಲಿಗೆಮ್ಮನಿಗಿಂತಲೂ ಗಟ್ಟಿ ಹೆಂಗಸು. 'ಜಗಳೂರಿನ ಎಣ್ಣೆಯವನು' ಎಂದ ಕೂಡಲೇ ಕಂಬಳಿ ಹಾಸಿ ಕೂರಿಸಿ, ಇನ್ನೊಂದು ಡಬ್ಬಿ ತಂದಿದ್ದೀಯಾ ಎಂದು ಕೇಳಿದಳು. ಇಲ್ಲ, ಕೊಟ್ಟದ್ದನ್ನು ಕುಡಿಯಬೇಡವೆಂದು ಹೇಳಲು ಬಂದಿದ್ದೇನೆ ಎಂದ. ಅಜ್ಜಮ್ಮನಿಗೆ ಸಿಟ್ಟು ಬಂತು. ತನ್ನ ಗಂಟು ಮೆತ್ತಗಾಗುತ್ತಿದೆ, ಆಸ್ಪತ್ರೆಯವರು ನಿನಗೇನು ಕೊಟ್ಟರು ಎಂದಳು. ಪಂಚಾಕ್ಷರಪ್ಪ ಕಂಬಳಿಹುಳದ ಮಾತು ಹೇಳಿದ. ಅವಳು ಒಪ್ಪಲಿಲ್ಲ. ಉಬ್ರಾಣಿಯಲ್ಲಿ ಶೇಂಗಾ ಬೆಳೆಯುವುದಿಲ್ಲ, ಆ ಹುಳವನ್ನೇ ತಾನು ಕಂಡಿಲ್ಲ ಎಂದಳು. ಆಗ ಅವನು ಬೇರೇನೂ ಹೇಳದೆ, ತನ್ನ ಮನೆಯಲ್ಲಿ ಆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ಹೆಂಡತಿ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಾಳೆ, ಅವಳೇ ನನ್ನನ್ನು ಕಳಿಸಿದ್ದು ಎಂದ.

ಅಜ್ಜಮ್ಮ ಎದ್ದು ಒಳಗೆ ಹೋಗಿ, ಹೊಸ ಸೀರೆ ಉಟ್ಟು ಬಂದಳು.

“ತನ್ ಸರಕು ಕೊಳ್ಬೇಡ ಅಂತ ಹೇಳಾಕೆ ಬಸ್ ಚಾರ್ಜ್ ಕೊಟ್ಟು ಬಂದ ವ್ಯಾಪಾರಿನ ಇವತ್ತೇ ನೋಡಿದ್ದು. ನಿನ್ ಮಾತು ಖರೆ ಇರ್ಬೇಕು. ನಡಿ, ತೋರಿಸ್ಕಂಡೇ ಬರಾನ.”

ಅವಳ ಸೊಸೆಯೂ ಜೊತೆಗೆ ಹೊರಟಳು. ಅಜ್ಜಮ್ಮನಿಗೂ ಅದೇ ಸೂಜಿ ಪರೀಕ್ಷೆಯಾಯಿತು. ಅವಳ ಗಂಟಿನಲ್ಲಿ ಬರೀ ನೀರು ತುಂಬಿತ್ತು. ಅದನ್ನು ತೆಗೆದುಬಿಟ್ಟರು. ಕ್ಯಾನ್ಸರ್ ಅಲ್ಲವೆಂದು ತಿಳಿದಾಗ ಅವಳು ನೇರವಾಗಿ ಕಸ್ತೂರಮ್ಮನ ವಾರ್ಡು ಹುಡುಕಿಕೊಂಡು ಬಂದಳು. ಹಿಂದೆಂದೂ ನೋಡಿರದ ಆ ಇಬ್ಬರು ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಸಂಜೆಯವರೆಗೆ ತಮ್ಮ ತಮ್ಮ ಎಣ್ಣೆ ಕುಡಿದ ಕಷ್ಟ ಹೇಳಿಕೊಂಡು ನಕ್ಕರು. ಅಜ್ಜಮ್ಮ ಬೆಲ್ಲದ ಜೊತೆ ನುಂಗುತ್ತಿದ್ದಳಂತೆ. ಕಸ್ತೂರಮ್ಮ ಉಪ್ಪಿನಕಾಯಿ ನೆಕ್ಕುತ್ತಿದ್ದಳಂತೆ.

ಊರಿಗೆ ಬಂದ ಮೇಲೆ ಪಂಚಾಕ್ಷರಪ್ಪ ಔಷಧಿಯೆಂದು ಎಣ್ಣೆ ಒಯ್ದ ಮನೆಗಳಿಗೆಲ್ಲ ಹೋಗಿ ತನ್ನ ಮಾತನ್ನು ತಾನೇ ಹಿಂದಕ್ಕೆ ತೆಗೆದುಕೊಂಡ. ವ್ಯಾಪಾರ ಕಡಿಮೆಯಾಗುತ್ತದೆಂದು ಅಂಜಿದ್ದ. ಆಗಲಿಲ್ಲ. ಇವನು ಒಗ್ಗರಣೆಗೆ ಒಳ್ಳೆಯದು ಎಂದರೆ ಒಳ್ಳೆಯದೇ ಇರಬೇಕೆಂದು ಜನ ಬಂದರು. ನಿರ್ಮಲಮ್ಮ ಮಹಿಳಾ ಮಂಡಳಿಯಲ್ಲಿ ಹೆಂಗಸರನ್ನು ಕೂರಿಸಿ, ಸ್ತನವನ್ನು ತಾವೇ ಹೇಗೆ ಮುಟ್ಟಿ ನೋಡಿಕೊಳ್ಳಬೇಕೆಂದು ಕಲಿಸಿದರು. ಮೊದಲ ದಿನ ಎಲ್ಲರೂ ನಾಚಿ ನೆಲ ನೋಡುತ್ತಿದ್ದರು. ಕಸ್ತೂರಮ್ಮ ಎದ್ದು ನಿಂತಳು.

“ಸಂತೇಲಿ ಬದನೆಕಾಯಿ ಕೊಳ್ಳಾಕೆ ಹತ್ತು ಸಲ ಒತ್ತಿ ನೋಡ್ತೀರಿ. ನಿಮ್ ಮೈ ಬದನೆಕಾಯಿಗಿಂತ ಕಡಿಮೆನಾ?”

ಆಮೇಲೆ ನಾಚಿಕೆಗೆ ಅಲ್ಲಿ ಜಾಗವಿರಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಹುಲಿಗೆಮ್ಮ ಎಲ್ಲರಿಗಿಂತ ಮೊದಲು ಕೈಯೆತ್ತಿ, ತನ್ನ ವಯಸ್ಸಿನವರೂ ನೋಡಿಕೊಳ್ಳಬೇಕೇ ಎಂದು ಕೇಳಿದಳು. ವಯಸ್ಸಾದಷ್ಟೂ ಹೆಚ್ಚು ನೋಡಿಕೊಳ್ಳಬೇಕು ಎಂದರು ನಿರ್ಮಲಮ್ಮ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ತಾಯಂದಿರೇ, ತಿಂಗಳಿಗೊಮ್ಮೆ, ಮುಟ್ಟು ಮುಗಿದ ಕೆಲವು ದಿನಗಳ ಮೇಲೆ, ಸ್ನಾನದ ಹೊತ್ತಿನಲ್ಲಿ ಸೋಪಿನ ಕೈಯಿಂದ ಎರಡೂ ಸ್ತನಗಳನ್ನೂ ಕಂಕುಳನ್ನೂ ಬೆರಳ ತುದಿಯ ಮೆತ್ತನೆಯ ಭಾಗದಿಂದ ಮೆಲ್ಲಗೆ ಒತ್ತಿ ನೋಡಿಕೊಳ್ಳಿ. ಮುಟ್ಟು ನಿಂತುಹೋದವರು ತಿಂಗಳಲ್ಲಿ ಒಂದು ದಿನ ಗೊತ್ತುಮಾಡಿಕೊಳ್ಳಿ. ಗಂಟು ಸಿಕ್ಕರೆ, ಚರ್ಮ ಒಳಗೆ ಎಳೆದುಕೊಂಡಿದ್ದರೆ, ತೊಟ್ಟಿನಿಂದ ರಕ್ತ ಅಥವಾ ನೀರು ಬಂದರೆ, ತೊಟ್ಟು ಒಳಸೇರಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ನೋವಿಲ್ಲವೆಂದು ಸುಮ್ಮನಿರಬೇಡಿ. ಶೇಂಗಾ ತಿನ್ನಿ, ಮೊಳಕೆಕಾಳು ತಿನ್ನಿ, ಒಳ್ಳೆಯ ಎಣ್ಣೆಯಲ್ಲಿ ಅಡುಗೆ ಮಾಡಿ. ಅವು ಊಟ. ವಿಟಮಿನ್ ಗುಳಿಗೆಯನ್ನಾಗಲಿ, ಮನೆಮದ್ದನ್ನಾಗಲಿ ಕ್ಯಾನ್ಸರಿನ ಔಷಧಿಯೆಂದು ನಂಬಿ ಕಾಯಬೇಡಿ. ಏನಾದರೂ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಅಣ್ಣಂದಿರೇ, ನಿಮ್ಮ ಮನೆಯಲ್ಲಿಯೂ ನಿಮ್ಮ ಮಾತನ್ನು ನಂಬುವವರು ಇದ್ದಾರೆ. ಅವರು ಗಂಟಿದೆ ಎಂದು ಹೇಳುವವರೆಗೆ ಕಾಯದೆ ಇವತ್ತೇ ಕೇಳಿ. ಇದೆ ಎಂದರೆ, ಕೈಯಲ್ಲಿರುವ ಕೆಲಸ ಎಷ್ಟೇ ದೊಡ್ಡದಿರಲಿ, ಅದನ್ನು ಅಲ್ಲಿಗೇ ಬಿಟ್ಟು ಅವರ ಜೊತೆ ಬಸ್ಸು ಹತ್ತಿ.